ತೋರಿಸುವ ಕಾಳಗ, ಆಡುವ ಕಾಳಗ

ಹೊಸ ಆನ್‌ಲೈನ್ ಗೇಮ್ ಬಿಡುಗಡೆಯಾಗುವ ಮುಂಚೆ ಪ್ರದರ್ಶನ ಪಂದ್ಯವೊಂದನ್ನು ನಡೆಸುವುದು ಈಗಿನ ವಾಡಿಕೆ. ಗೇಮ್ ಕಟ್ಟಿದ ಡೆವಲಪರ್‌ಗಳು ಮತ್ತು ತಮ್ಮ ಆಟವನ್ನು ನೇರಪ್ರಸಾರ ಮಾಡುತ್ತ ಲಕ್ಷಗಟ್ಟಲೆ ಅಭಿಮಾನಿಗಳನ್ನು ಗಳಿಸಿದ ಸ್ಟ್ರೀಮರ್‌ಗಳು ಒಂದೇ ಪಂದ್ಯದ ಲಾಬಿಗೆ ಇಳಿದು ಪರಸ್ಪರ ಗುಂಡು ಹಾರಿಸುತ್ತಾರೆ. ಯಾವ ಬಂದೂಕು ಎಷ್ಟು ಎಗರುತ್ತದೆ, ಛಾವಣಿಯಿಂದ ಜಿಗಿದರೆ ಏನಾಗುತ್ತದೆ, ಇಬ್ಬರ ನಡುವೆ ಸಿಕ್ಕಿಬಿದ್ದವನು ಹೇಗೆ ಪಾರಾಗಬಹುದು ಎಂಬುದನ್ನೆಲ್ಲ ಆಡುತ್ತಲೇ ವಿವರಿಸುತ್ತಾರೆ. ಇಲ್ಲಿ ಎದುರಿಗಿರುವುದು ಕಂಪ್ಯೂಟರ್ ನಡೆಸುವ ಗೊಂಬೆಯಲ್ಲ, ಇನ್ನೊಬ್ಬ ಮನುಷ್ಯ. ಗೇಮರ್‌ಗಳ ಮಾತಿನಲ್ಲಿ ಇದು ಪಿವಿಪಿ, ಅಂದರೆ ಪ್ಲೇಯರ್ ವರ್ಸಸ್ ಪ್ಲೇಯರ್.

ಈ ಪ್ರದರ್ಶನ ಯಾರಿಗಾಗಿ ಎಂದು ತಿಳಿಯಬೇಕಾದರೆ ಮುಂಬಯಿಯ ಮಲಾಡ್‌ನಂಥ ಉಪನಗರವನ್ನು ನೋಡಬೇಕು. ಪಶ್ಚಿಮಕ್ಕೆ ಲಿಂಕ್ ರೋಡ್, ಮೈಂಡ್‌ಸ್ಪೇಸ್‌ನ ಕಚೇರಿಗಳು, ಇನಾರ್ಬಿಟ್ ಮಾಲ್. ಅದಕ್ಕೂ ಆಚೆ ಮಾಲ್ವಣಿಯ ಒತ್ತೊತ್ತಾದ ಮನೆಗಳು. ಪೂರ್ವಕ್ಕೆ ಕುರಾರ್, ದಿಂಡೋಶಿ. ಇಲ್ಲಿ ಕರಾವಳಿಯಿಂದ ಹೋಟೆಲ್ ಕೆಲಸಕ್ಕೆ ಬಂದವರಿದ್ದಾರೆ, ಮನೆಯಲ್ಲಿ ತುಳು ಅಥವಾ ಕನ್ನಡ, ಹೊರಗೆ ಹಿಂದಿ, ಮರಾಠಿ ಆಡುತ್ತ ಬೆಳೆದ ಮೂರನೇ ತಲೆಮಾರಿನ ಮಕ್ಕಳೂ ಇದ್ದಾರೆ. ರಾತ್ರಿ ಪಾಳಿಯ ಕಾಲ್‌ಸೆಂಟರ್ ಉದ್ಯೋಗಿ, ಮಧ್ಯಾಹ್ನದ ಊಟದ ಗದ್ದಲ ಮುಗಿಸಿ ತುಸು ಬಿಡುವು ಪಡೆದ ಹೋಟೆಲ್ ಹುಡುಗ, ಕಾಲೇಜಿನಿಂದ ಲೋಕಲ್ ರೈಲಿನಲ್ಲಿ ಮರಳುವ ವಿದ್ಯಾರ್ಥಿ, ಮೂವರ ಫೋನಿನಲ್ಲೂ ಒಂದೇ ಸ್ಟ್ರೀಮ್ ಓಡುತ್ತಿರಬಹುದು. ಆದರೆ ಮೂವರ ಫೋನ್ ಒಂದೇ ಅಲ್ಲ, ನೆಟ್‌ವರ್ಕ್ ಒಂದೇ ಅಲ್ಲ, ಆಡಲು ಸಿಗುವ ಹೊತ್ತೂ ಒಂದೇ ಅಲ್ಲ.

ಪಿವಿಪಿ ಗೇಮ್ ಆಟಗಾರನಿಗೆ ಕೊಡುವ ಮೂಲ ಭರವಸೆ ಒಂದೇ: ಇಲ್ಲಿ ಕೈಚಳಕ ಇದ್ದವನು ಗೆಲ್ಲುತ್ತಾನೆ. ಪ್ರದರ್ಶನ ಪಂದ್ಯ ಆ ಭರವಸೆಯನ್ನು ಸಾರ್ವಜನಿಕವಾಗಿ ಕೊಡುವ ವೇದಿಕೆ. ಹಾಗಾಗಿ ಆ ಪಂದ್ಯ ಎಷ್ಟು ರೋಚಕವಾಗಿತ್ತು ಎಂಬುದಕ್ಕಿಂತ, ನೋಡುವವನು ನಾಳೆ ಆಡಲಿರುವ ಪಂದ್ಯಕ್ಕೆ ಅದು ಎಷ್ಟು ಹತ್ತಿರವಾಗಿತ್ತು ಎಂಬುದನ್ನು ಅಳೆಯಬೇಕು ಎಂದು ನಾನು ನಂಬುತ್ತೇನೆ.

ಫೆರಾರಿ ಬಹುಮಾನದಿಂದ ಇಲ್ಲಿಯವರೆಗೆ

ಗೇಮ್ ಕಟ್ಟಿದವರೇ ಕಾಳಗವನ್ನು ಜಾಹೀರಾತಾಗಿ ಬಳಸಿದ್ದು ಇಂದು ನಿನ್ನೆಯ ಸಂಗತಿಯಲ್ಲ. ಅಮೆರಿಕದ ಇಡ್ ಸಾಫ್ಟ್‌ವೇರ್ 1993ರಲ್ಲಿ 'ಡೂಮ್', 1996ರಲ್ಲಿ 'ಕ್ವೇಕ್' ಬಿಡುಗಡೆ ಮಾಡಿತು. ಆಟಗಾರರು ಪರಸ್ಪರ ಕಾದಾಡುವ ಬಗೆಗೆ 'ಡೆತ್‌ಮ್ಯಾಚ್' ಎಂಬ ಹೆಸರು ಬಂದದ್ದು ಆ ತಂಡದ ಜಾನ್ ರೊಮೆರೊ ಅವರಿಂದ. 1997ರಲ್ಲಿ ಕ್ವೇಕ್‌ನ 'ರೆಡ್ ಅನೈಅಲೇಷನ್' ಟೂರ್ನಿಯನ್ನು ಡೆನಿಸ್ ಫಾಂಗ್ ಗೆದ್ದಾಗ, ಗೇಮಿನ ಪ್ರಧಾನ ಪ್ರೋಗ್ರಾಮರ್ ಜಾನ್ ಕಾರ್ಮ್ಯಾಕ್ ತಮ್ಮ ಸ್ವಂತ ಕೆಂಪು ಫೆರಾರಿ ಕಾರನ್ನೇ ಬಹುಮಾನವಾಗಿ ಕೊಟ್ಟರು. ಗೇಮಿನ ಹೆಸರು ಗೇಮ್ ಆಡದವರ ಕಿವಿಗೂ ಬಿತ್ತು.

ಸ್ಟ್ರೀಮರ್‌ಗಳ ಕಾಲ ಬಂದ ಮೇಲೆ ಈ ದಾರಿ ಇನ್ನಷ್ಟು ನೇರವಾಯಿತು. 2019ರ ಫೆಬ್ರುವರಿ 4ರಂದು 'ಏಪೆಕ್ಸ್ ಲೆಜೆಂಡ್ಸ್' ಮುಂಗಡ ಪ್ರಚಾರವಿಲ್ಲದೆ ಏಕಾಏಕಿ ಬಿಡುಗಡೆಯಾಯಿತು. ಹೆಸರಾಂತ ಸ್ಟ್ರೀಮರ್‌ಗಳನ್ನು ಮೊದಲೇ ಗುಟ್ಟಾಗಿ ಕರೆಸಿ ಆಡಿಸಲಾಗಿತ್ತು. ಒಂದೇ ವಾರದಲ್ಲಿ 2.5 ಕೋಟಿ ಆಟಗಾರರು ಸೇರಿದರು. ನಿಂಜಾ ಎಂಬ ಹೆಸರಿನ ಸ್ಟ್ರೀಮರ್‌ಗೆ ಇದಕ್ಕಾಗಿ ಸುಮಾರು 10 ಲಕ್ಷ ಡಾಲರ್ ಸಂದಿತ್ತು ಎಂದು ರಾಯಿಟರ್ಸ್ ಆಮೇಲೆ ವರದಿ ಮಾಡಿತು. ಮರುವರ್ಷ ಏಪ್ರಿಲ್‌ನಲ್ಲಿ ರಾಯಟ್ ಗೇಮ್ಸ್ 'ವ್ಯಾಲೊರಂಟ್' ಗೇಮಿನ ಪರೀಕ್ಷಾರ್ಥ ಆವೃತ್ತಿಯನ್ನು ಬಿಟ್ಟಾಗ, ಅದರೊಳಗೆ ಹೋಗಲು ಟಿಕೆಟ್ ಸಿಗುತ್ತಿದ್ದುದು ಟ್ವಿಚ್ ಎಂಬ ಸ್ಟ್ರೀಮಿಂಗ್ ತಾಣದಲ್ಲಿ ಸ್ಟ್ರೀಮರ್‌ಗಳ ಆಟವನ್ನು ನೋಡುತ್ತ ಕೂತವರಿಗೆ. ಒಂದು ಹಂತದಲ್ಲಿ ಏಕಕಾಲಕ್ಕೆ 17 ಲಕ್ಷ ಜನ ಆ ಗೇಮನ್ನು ನೋಡುತ್ತಿದ್ದರು. ನೋಡುವುದೇ ಆಡುವುದಕ್ಕೆ ಬಾಗಿಲಾಯಿತು.

ಮುಂಬಯಿ ಎಂಬ ಅಖಾಡ

ಭಾರತದಲ್ಲಿ ಈ ಲೋಕದ ಒಂದು ದೊಡ್ಡ ನೆಲೆ ಮುಂಬಯಿ. ಈ ಶತಮಾನದ ಆರಂಭದಲ್ಲಿ ಇಲ್ಲಿನ ಹುಡುಗರು ಸಿಫಿ ಐವೇಯಂಥ ಸೈಬರ್ ಕೆಫೆಗಳಲ್ಲಿ, ಬಳಿಕ ಝಪಾಕ್ ಗೇಮ್‌ಪ್ಲೆಕ್ಸ್‌ಗಳಲ್ಲಿ ಗಂಟೆಗಿಷ್ಟು ಎಂದು ಬಾಡಿಗೆ ಕೊಟ್ಟು ಕೌಂಟರ್ ಸ್ಟ್ರೈಕ್ ಆಡಿದರು. ಅಲ್ಲಿ ಎದುರಾಳಿ ಪಕ್ಕದ ಕುರ್ಚಿಯಲ್ಲೇ ಇರುತ್ತಿದ್ದ, ಕಂಪ್ಯೂಟರುಗಳೆಲ್ಲ ಒಂದೇ ತಂತಿಗೆ ಜೋಡಿಸಿರುತ್ತಿದ್ದವು. ಸೋತವನು ನೆಟ್‌ವರ್ಕನ್ನು ದೂರುವಂತಿರಲಿಲ್ಲ.

2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದು ಡೇಟಾ ಅಗ್ಗವಾಯಿತು. ಆಟ ಕೆಫೆಯಿಂದ ಕಿಸೆಗೆ ಬಂತು. 2018ರಲ್ಲಿ ಪಬ್‌ಜಿ ಮೊಬೈಲ್ ಅಲೆ ಎದ್ದಾಗ ಮುಂಬಯಿಯ ನಮನ್ ಮಾಥುರ್ 'ಮಾರ್ಟಲ್' ಎಂದೂ, ಆದಿತ್ಯ ಸಾವಂತ್ 'ಡೈನಮೊ' ಎಂದೂ ಮನೆಮಾತಾದರು. ಡೈನಮೊ ಅವರ 'ಪಟ್ ಸೆ ಹೆಡ್‌ಶಾಟ್' ಎಂಬ ಉದ್ಗಾರ ಗೇಮ್ ಆಡದ ಮಕ್ಕಳ ಬಾಯಲ್ಲೂ ಕೇಳಿಸಿತು. ಆ ವರ್ಷದ ಡಿಸೆಂಬರ್‌ನಲ್ಲಿ ಮಲಾಡ್‌ನ ನೆರೆಯ ಗೋರೆಗಾಂವ್‌ನಲ್ಲಿ ಡ್ರೀಮ್‌ಹ್ಯಾಕ್ ಎಂಬ ಗೇಮಿಂಗ್ ಉತ್ಸವ ನಡೆಯಿತು. 2019ರ ಏಪ್ರಿಲ್‌ನಲ್ಲಿ ವರ್ಲಿಯ ಎನ್‌ಎಸ್‌ಸಿಐ ಡೋಮ್‌ನಲ್ಲಿ 'ಇಎಸ್‌ಎಲ್ ಒನ್' ಎಂಬ ಡೋಟಾ 2 ಟೂರ್ನಿ 3 ಲಕ್ಷ ಡಾಲರ್ ಬಹುಮಾನದೊಂದಿಗೆ ನಡೆಯಿತು. ಭಾರತದ ಸ್ಟ್ರೀಮಿಂಗ್ ವೇದಿಕೆ ಲೋಕೊ ಹುಟ್ಟಿದ್ದೂ ಮುಂಬಯಿಯಲ್ಲೇ. ಇಲ್ಲಿನ ಗ್ಲೋಬಲ್ ಈಸ್ಪೋರ್ಟ್ಸ್ ತಂಡ 2023ರಿಂದ ವ್ಯಾಲೊರಂಟ್‌ನ ಪೆಸಿಫಿಕ್ ಲೀಗ್‌ನಲ್ಲಿ ಆಡತೊಡಗಿತು. ಅನಿಮೇಶ್ ಅಗರ್ವಾಲ್, ನಮನ್ ಮಾಥುರ್, ಲೋಕೇಶ್ ಜೈನ್ ಕಟ್ಟಿದ 'ಎಸ್8ಯುಎಲ್' ಜಾಗತಿಕ ಈಸ್ಪೋರ್ಟ್ಸ್ ಅವಾರ್ಡ್ಸ್‌ನಲ್ಲಿ ವರ್ಷದ ಕಂಟೆಂಟ್ ತಂಡವಾಗಿ 2022ರಿಂದ ಸತತ ಮೂರು ವರ್ಷ ಗೆದ್ದಿತು.

ನಡುವೆ ನೆಲ ಹಲವು ಸಲ ಕುಸಿದದ್ದೂ ಉಂಟು. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಪಬ್‌ಜಿ ಸೇರಿ 118 ಆ್ಯಪ್‌ಗಳನ್ನು ನಿಷೇಧಿಸಿತು. ದಕ್ಷಿಣ ಕೊರಿಯಾದ ಕ್ರಾಫ್ಟನ್ ಕಂಪನಿ 2021ರ ಜುಲೈನಲ್ಲಿ 'ಬಿಜಿಎಂಐ' ಎಂಬ ಹೆಸರಿನಲ್ಲಿ ಅದನ್ನು ಮತ್ತೆ ತಂದಿತು. 2022ರ ಜುಲೈ ಹೊತ್ತಿಗೆ ನೋಂದಾಯಿತ ಬಳಕೆದಾರರು 10 ಕೋಟಿ ದಾಟಿದ್ದರು, ಪಂದ್ಯಗಳು ಸ್ಟಾರ್ ಸ್ಪೋರ್ಟ್ಸ್ ವಾಹಿನಿಯಲ್ಲಿ ಪ್ರಸಾರವಾಗಿದ್ದವು. ಅದೇ ತಿಂಗಳ 28ರಂದು ಆ ಗೇಮೂ ಆ್ಯಪ್ ಸ್ಟೋರ್‌ಗಳಿಂದ ಮಾಯವಾಯಿತು. ಮರಳಿದ್ದು 2023ರ ಮೇ ಕೊನೆಗೆ. ಈ ಹತ್ತು ತಿಂಗಳು ಸ್ಟ್ರೀಮರ್‌ಗಳಿಗೆ ಕಲಿಸಿದ್ದೇನೆಂದರೆ, ಒಂದೇ ಗೇಮನ್ನು ನೆಚ್ಚಿ ಕೂರುವಂತಿಲ್ಲ. ಹೊಸ ಗೇಮಿನ ಡೆವಲಪರ್‌ಗೆ ಪ್ರೇಕ್ಷಕರು ಬೇಕು, ಸ್ಟ್ರೀಮರ್‌ಗೆ ಹೊಸ ಗೇಮ್ ಬೇಕು. ಪ್ರದರ್ಶನ ಪಂದ್ಯ ಆ ಎರಡು ಅಗತ್ಯಗಳು ಕೂಡುವ ಜಾಗ.

ಸೆಕೆಂಡಿನ ಮೂರನೇ ಒಂದು ಪಾಲಿನ ತೀರ್ಮಾನ

ಕಾಳಗದ ಒಳಗೆ ನಡೆಯುವುದೇನು? ವ್ಯಾಲೊರಂಟ್‌ನ 'ವ್ಯಾಂಡಲ್' ಬಂದೂಕನ್ನು ತೆಗೆದುಕೊಳ್ಳೋಣ. ಅದು ಸೆಕೆಂಡಿಗೆ 9.75 ಗುಂಡು ಹಾರಿಸುತ್ತದೆ. ಮೈಗೆ ತಗುಲಿದ ಪ್ರತಿ ಗುಂಡು ಎದುರಾಳಿಯ ಜೀವದ 40 ಅಂಕ ಕಳೆಯುತ್ತದೆ, ತಲೆಗೆ ತಗುಲಿದರೆ 160. ಪೂರ್ತಿ ಕವಚ ತೊಟ್ಟ ಆಟಗಾರನ ಬಳಿ ಇರುವುದು 150. ತಲೆಗೆ ಬಿದ್ದರೆ ಒಂದೇ ಗುಂಡಿಗೆ ಆಟ ಮುಗಿಯಿತು. ಮೈಗಾದರೆ ನಾಲ್ಕು ಗುಂಡು ಬೇಕು. ಮೊದಲ ಗುಂಡಿನಿಂದ ನಾಲ್ಕನೆಯದಕ್ಕೆ ಹಿಡಿಯುವ ಸಮಯ ಸುಮಾರು 0.31 ಸೆಕೆಂಡ್, ಅಂದರೆ 310 ಮಿಲಿಸೆಕೆಂಡ್. ಕಣ್ಣಿಗೆ ಕಂಡದ್ದಕ್ಕೆ ಬೆರಳು ಸ್ಪಂದಿಸಲು ಮನುಷ್ಯನಿಗೆ 200ರಿಂದ 250 ಮಿಲಿಸೆಕೆಂಡ್ ಬೇಕು. ಅಲ್ಲಿಗೆ ಉಳಿಯುವ ಅಂತರ 60ರಿಂದ 110 ಮಿಲಿಸೆಕೆಂಡ್.

ಆ ಅಂತರವನ್ನೇ ನೆಟ್‌ವರ್ಕ್ ತಿಂದುಹಾಕಬಲ್ಲದು. ನಮ್ಮ ಫೋನಿನಿಂದ ಹೊರಟ ಸಂದೇಶ ಸರ್ವರ್ ಮುಟ್ಟಿ ಉತ್ತರ ತರಲು ಹಿಡಿಯುವ ಸಮಯವೇ ಪಿಂಗ್. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಮುಂಬಯಿಯಿಂದ ಸಿಂಗಪುರ ನೇರ ಲೆಕ್ಕದಲ್ಲಿ 3,900 ಕಿಲೋಮೀಟರ್. ಹೋಗಿಬರಲು 39 ಮಿಲಿಸೆಕೆಂಡ್ ಬೇಕೇ ಬೇಕು. ಯಾವ ಎಂಜಿನಿಯರ್ ಬಂದರೂ ಅದನ್ನು ಕಡಿಮೆ ಮಾಡಲಾರ. ಕೇಬಲ್ ಸುತ್ತಿಬಳಸಿ ಸಾಗುವುದರಿಂದ ನಿಜದ ಪಿಂಗ್ ಇನ್ನೂ ಹೆಚ್ಚು. ಸರ್ವರ್ ಮುಂಬಯಿಯಲ್ಲೇ ಇದ್ದರೆ ದೂರದ ಈ ದಂಡ ಹೆಚ್ಚುಕಡಿಮೆ ಇಲ್ಲವಾಗುತ್ತದೆ. ಮಲಾಡ್‌ಗೆ ದಕ್ಷಿಣದಲ್ಲಿ, ಕೆಲವೇ ಕಿಲೋಮೀಟರ್ ಆಚೆಗಿರುವ ವರ್ಸೋವಾ ಕಡಲತೀರದಲ್ಲಿ ಸಮುದ್ರದಡಿಯ ಹಲವು ಅಂತರರಾಷ್ಟ್ರೀಯ ಕೇಬಲ್‌ಗಳು ದಡ ಸೇರುತ್ತವೆ. ಅಮೆಜಾನ್ ತನ್ನ ಕ್ಲೌಡ್ ಸೇವೆಯ ಮುಂಬಯಿ ಕೇಂದ್ರವನ್ನು 2016ರಲ್ಲಿ ತೆರೆಯಿತು. ವ್ಯಾಲೊರಂಟ್, ಕೌಂಟರ್ ಸ್ಟ್ರೈಕ್‌ನಂಥ ಗೇಮ್‌ಗಳಿಗೂ ಮುಂಬಯಿಯಲ್ಲಿ ಸರ್ವರ್‌ಗಳಿವೆ.

ಭೂಪಟ ನೋಡಿದರೆ ಮಲಾಡ್‌ನ ಆಟಗಾರ ಅದೃಷ್ಟವಂತ. ಆದರೆ ಮಲಾಡ್ ಎಂಬುದೂ ಒಂದೇ ಊರಲ್ಲ. ಫೈಬರ್ ಸಂಪರ್ಕವಿರುವ ಫ್ಲ್ಯಾಟಿನಲ್ಲಿ ಪಿಂಗ್ ಒಂದಂಕಿಗೆ ಇಳಿಯಬಹುದು. ಸಾವಿರಾರು ಫೋನುಗಳು ಒಂದೇ ಟವರ್‌ಗೆ ಜೋತುಬಿದ್ದ ಸಂಜೆಯ ಹೊತ್ತಿನಲ್ಲಿ ಮಾಲ್ವಣಿಯ ಮನೆಯೊಳಗೆ ಅದು ಮೇಲೆ ಕೆಳಗೆ ಕುಣಿಯುತ್ತದೆ. ಹೀಗೆ ಕುಣಿಯುವ ಪಿಂಗ್, ಸ್ಥಿರವಾಗಿರುವ ತುಸು ಹೆಚ್ಚಿನ ಪಿಂಗ್‌ಗಿಂತ ಕೆಟ್ಟದ್ದು, ಏಕೆಂದರೆ ಕೈ ಯಾವುದಕ್ಕೂ ಒಗ್ಗಿಕೊಳ್ಳಲಾರದು. ಇನ್ನು ಬೀದರ್‌ನಿಂದಲೋ ಕುಂದಾಪುರದಿಂದಲೋ ಆಡುವವನಿಗೆ ಮುಂಬಯಿ ಸರ್ವರ್‌ವರೆಗಿನ ದೂರವೂ ಸೇರಿಕೊಳ್ಳುತ್ತದೆ.

ಈ ಅಸಮಾನತೆಯನ್ನು ಸರಿದೂಗಿಸಲು ಡೆವಲಪರ್‌ಗಳು ಒಂದು ಜಾಣ ಉಪಾಯ ಕಂಡುಕೊಂಡಿದ್ದಾರೆ. ಸರ್ವರ್ ಪ್ರತಿಯೊಬ್ಬ ಆಟಗಾರ ಎಲ್ಲಿದ್ದ ಎಂಬ ಚರಿತ್ರೆಯನ್ನು ಕ್ಷಣಕ್ಷಣವೂ ಬರೆದಿಟ್ಟುಕೊಳ್ಳುತ್ತದೆ. ವ್ಯಾಲೊರಂಟ್ ಸರ್ವರ್ ಸೆಕೆಂಡಿಗೆ 128 ಸಲ ಆಟದ ಸ್ಥಿತಿಯನ್ನು ಲೆಕ್ಕ ಹಾಕುತ್ತದೆ. ಗುಂಡು ಹಾರಿದ ಸಂದೇಶ ತಡವಾಗಿ ಬಂದಾಗ ಸರ್ವರ್ ಕಾಲವನ್ನು ಅಷ್ಟೇ ಹಿಂದಕ್ಕೆ ಸರಿಸಿ, ಹೊಡೆದವನ ಪರದೆಯಲ್ಲಿ ಎದುರಾಳಿ ಆಗ ಎಲ್ಲಿ ಕಾಣುತ್ತಿದ್ದ ಎಂದು ಪರಿಶೀಲಿಸಿ ತೀರ್ಪು ಕೊಡುತ್ತದೆ. ಹೊಡೆದವನಿಗೆ ನ್ಯಾಯ ಸಿಗುತ್ತದೆ, ಹೊಡೆಸಿಕೊಂಡವನಿಗೆ ಅದು ಅನ್ಯಾಯದಂತೆ ಕಾಣುತ್ತದೆ. 'ಗೋಡೆ ಹಿಂದೆ ಹೋಗಿಯಾಗಿತ್ತು, ಆದ್ರೂ ಸತ್ತೆ' ಎಂದು ಹುಡುಗರು ಕೂಗಾಡುವುದರ ಹಿಂದೆ ಬಹಳ ಸಲ ಇರುವುದು ಹ್ಯಾಕರ್ ಅಲ್ಲ, ಈ ಲೆಕ್ಕಾಚಾರ. ಯಾರ ಕಡೆಗೆ ಎಷ್ಟು ವಾಲಬೇಕು ಎಂಬುದು ಡೆವಲಪರ್ ತೆಗೆದುಕೊಳ್ಳುವ ನ್ಯಾಯನಿರ್ಣಯ. ಎಲ್ಲರೂ ಒಂದೇ ಕೋಣೆಯಲ್ಲಿ ಒಳ್ಳೆಯ ವೈಫೈ ಹಿಡಿದು ಕೂತ ಪ್ರದರ್ಶನ ಪಂದ್ಯದಲ್ಲಿ ಈ ನ್ಯಾಯದ ಪರೀಕ್ಷೆಯೇ ಆಗುವುದಿಲ್ಲ.

ಫೋನಿನದೂ ಇದೇ ಕಥೆ. ಸೆಕೆಂಡಿಗೆ 120 ಚಿತ್ರ ತೋರಿಸುವ ದುಬಾರಿ ಫೋನಿನಲ್ಲಿ ಹೊಸ ಚಿತ್ರ 8.3 ಮಿಲಿಸೆಕೆಂಡಿಗೊಮ್ಮೆ ಬರುತ್ತದೆ, 30 ಚಿತ್ರದ ಫೋನಿನಲ್ಲಿ 33 ಮಿಲಿಸೆಕೆಂಡಿಗೊಮ್ಮೆ. ಮೂಲೆಯಿಂದ ಎದುರಾಳಿ ಇಣುಕಿದ್ದು ಒಬ್ಬನಿಗೆ ಮೊದಲು ಕಾಣುತ್ತದೆ, ಇನ್ನೊಬ್ಬನಿಗೆ ಆಮೇಲೆ. ಮುಂಬಯಿಯ ಮೇ ತಿಂಗಳ ಸೆಕೆಯಲ್ಲಿ ಅರ್ಧ ಗಂಟೆ ಆಡಿದ ಫೋನ್ ಕಾದು, ತನ್ನನ್ನು ತಾನು ಕಾಪಾಡಿಕೊಳ್ಳಲು ವೇಗ ತಗ್ಗಿಸುತ್ತದೆ. ಬೆವರಿಗೆ ಬೆರಳು ಜಾರದಿರಲೆಂದು ಹುಡುಗರು ಫಿಂಗರ್ ಸ್ಲೀವ್ ಹಾಕಿಕೊಳ್ಳುತ್ತಾರೆ. ಫೋನಿಗೆ ಹಾಗೆ ಹಾಕುವ ಸ್ಲೀವ್ ಇಲ್ಲ.

ಜೋಡಿ ಕಟ್ಟುವ ಕೆಲಸ

ಮೈಸೂರು ದಸರಾ ಕುಸ್ತಿಗೆ ಮುಂಚೆ ಪೈಲ್ವಾನರ ಜೋಡಿ ಕಟ್ಟುವ ಕಾರ್ಯಕ್ರಮ ನಡೆಯುತ್ತದೆ. ತೂಕ, ಅನುಭವ, ಹಿಂದಿನ ಪಂದ್ಯ ನೋಡಿ ಹಿರಿಯರು ಯಾರಿಗೆ ಯಾರು ಎಂದು ತೀರ್ಮಾನಿಸುತ್ತಾರೆ. ಜೋಡಿ ಸರಿಯಾಗಿ ಕೂಡಿದರೆ ಕುಸ್ತಿ, ಇಲ್ಲದಿದ್ದರೆ ಕೇವಲ ಹೊಡೆತ. ಆನ್‌ಲೈನ್ ಗೇಮಿನಲ್ಲಿ ಹಿರಿಯರ ಈ ಕೆಲಸವನ್ನು ಮ್ಯಾಚ್‌ಮೇಕಿಂಗ್ ಎಂಬ ಗಣಿತ ಮಾಡುತ್ತದೆ. ಅದರ ಬೇರು ಚೆಸ್‌ನಲ್ಲಿದೆ. ಭೌತವಿಜ್ಞಾನದ ಪ್ರಾಧ್ಯಾಪಕ ಅರ್ಪಾಡ್ ಎಲೊ ರೂಪಿಸಿದ ರೇಟಿಂಗ್ ಪದ್ಧತಿಯನ್ನು ವಿಶ್ವ ಚೆಸ್ ಸಂಸ್ಥೆ 1970ರಲ್ಲಿ ಒಪ್ಪಿಕೊಂಡಿತು. ಅದರ ಪ್ರಕಾರ ಇಬ್ಬರ ನಡುವೆ 200 ಅಂಕಗಳ ಅಂತರವಿದ್ದರೆ ಮೇಲಿನವನು ಗಳಿಸುವ ಪಾಲು ನೂರಕ್ಕೆ ಸುಮಾರು 76. ಇಂದಿನ ಗೇಮ್‌ಗಳ ಶ್ರೇಣಿ ಪದ್ಧತಿಗಳಲ್ಲಿ ಹಲವು ಇದರ ಸಂತಾನ.

ಗಣಿತ ಎಷ್ಟೇ ಚೆನ್ನಾಗಿದ್ದರೂ ಅದಕ್ಕೆ ಜನ ಬೇಕು. ಆಟಗಾರರು ಕಡಿಮೆಯಿದ್ದರೆ ಎರಡೇ ದಾರಿ: ಸರಿಜೋಡಿ ಸಿಗುವವರೆಗೆ ಕಾಯಿಸುವುದು, ಇಲ್ಲವೇ ಸಿಕ್ಕವರನ್ನು ಕಟ್ಟಿಬಿಡುವುದು. ಖಾಲಿ ಜಾಗಕ್ಕೆ ಕಂಪ್ಯೂಟರ್ ನಡೆಸುವ ಗೊಂಬೆಗಳಾದ ಬಾಟ್‌ಗಳನ್ನು ತುಂಬುವುದೂ ಉಂಟು. ಪಬ್‌ಜಿ ಮೊಬೈಲ್‌ನಲ್ಲಿ ಹೊಸಬರು ಮೊದಮೊದಲು ಹೊಡೆದುರುಳಿಸುತ್ತಿದ್ದವರಲ್ಲಿ ಬಹುಪಾಲು ಬಾಟ್‌ಗಳೇ. ಸ್ಟ್ರೀಮರ್ ಪ್ರದರ್ಶನದಲ್ಲಿ ಕಾಣುವುದು ನುರಿತವರಿಗೆ ನುರಿತವರೇ ಎದುರಾಗಿ, ಕೊನೆಗೆ ಒಬ್ಬನೇ ಉಳಿದರೂ ಪಂದ್ಯ ಗೆದ್ದುಬಿಡುವ, ಅಂದರೆ ಕ್ಲಚ್ ಮಾಡುವ ಸೊಗಸು. ಗೇಮ್ ಬಿಡುಗಡೆಯಾಗಿ ಮೂರು ತಿಂಗಳಾದ ಮೇಲೆ, ನಡುರಾತ್ರಿ ಪಾಳಿ ಮುಗಿಸಿ ಬಂದವನಿಗೆ ಯಾರು ಜೋಡಿಯಾಗುತ್ತಾರೆ ಎಂಬುದೇ ಆ ಗೇಮಿನ ನಿಜವಾದ ಅಳತೆ.

ನಮ್ಮವರು ಕಟ್ಟಿದ ಗೇಮ್‌ಗಳು

ಈ ಅಳತೆಯನ್ನು ನಮ್ಮ ದೇಶದ ಗೇಮ್‌ಗಳಿಗೂ ಹಿಡಿಯಬೇಕು. ವಿಶಾಲ್ ಗೊಂಡಾಲ್ 1999ರಲ್ಲಿ ಮುಂಬಯಿಯಲ್ಲಿ ಇಂಡಿಯಾಗೇಮ್ಸ್ ಕಟ್ಟಿದವರು. ಅವರು ಮುಂದೆ ಜೊತೆಗೂಡಿ ಕಟ್ಟಿದ ಬೆಂಗಳೂರಿನ ಎನ್‌ಕೋರ್ ಗೇಮ್ಸ್, ಪಬ್‌ಜಿ ನಿಷೇಧವಾದ ಎರಡೇ ದಿನಕ್ಕೆ 'ಫೌಜಿ' ಗೇಮನ್ನು ನಟ ಅಕ್ಷಯ್ ಕುಮಾರ್ ಮೂಲಕ ಘೋಷಿಸಿತು. 2021ರ ಗಣರಾಜ್ಯೋತ್ಸವದಂದು ಅದು ಬಿಡುಗಡೆಯಾದಾಗ ಒಳಗಿದ್ದದ್ದು ಗಲ್ವಾನ್ ಕಣಿವೆಯ ಒಬ್ಬನೇ ಆಡುವ ಕಥಾಭಾಗ ಮಾತ್ರ. ಪಬ್‌ಜಿಯ ಜಾಗ ತುಂಬುವ ಗೇಮ್ ಎಂದು ಕಾದಿದ್ದ ಹುಡುಗರು ನಿರಾಶರಾದರು, ಪ್ಲೇ ಸ್ಟೋರ್‌ನಲ್ಲಿ ರೇಟಿಂಗ್ ಕುಸಿಯಿತು. ಆಟಗಾರರು ಪರಸ್ಪರ ಎದುರಾಗುವ ಟೀಮ್ ಡೆತ್‌ಮ್ಯಾಚ್ ಬಂದದ್ದು ಆ ವರ್ಷದ ಜೂನ್‌ನಲ್ಲಿ. ಆಸೆ ಮತ್ತು ವಸ್ತುವಿನ ನಡುವಿನ ಅಂತರ ಒಂದು ಗೇಮಿಗೆ ಎಷ್ಟು ದುಬಾರಿಯಾಗಬಲ್ಲದು ಎಂಬುದಕ್ಕೆ ಇದು ಪಾಠ. ಡಾಟ್9 ಗೇಮ್ಸ್ ರೂಪಿಸಿದ 'ಫೌಜಿ: ಡಾಮಿನೇಷನ್' ಆ ಪಾಠ ಕಲಿತಂತೆ ಮೊದಲಿನಿಂದಲೇ ಐವರ ವಿರುದ್ಧ ಐವರ ಕಾಳಗವಾಗಿ ಬಂತು. ಬಿಡುಗಡೆಗೆ ಮುನ್ನ 2024ರ ಡಿಸೆಂಬರ್‌ನಲ್ಲಿ ಆಟಗಾರರ ಕೈಗೆ ಬೀಟಾ ಎಂಬ ಪರೀಕ್ಷಾರ್ಥ ಆವೃತ್ತಿ ಕೊಟ್ಟು ಪರೀಕ್ಷಿಸಲಾಯಿತು.

ಪುಣೆಯ ಸೂಪರ್‌ಗೇಮಿಂಗ್ ನಿಧಾನದ ದಾರಿ ಹಿಡಿಯಿತು. 'ಇಂಡಸ್' ಎಂಬ ಬ್ಯಾಟಲ್ ರಾಯಲ್ ಗೇಮನ್ನು 2022ರಲ್ಲಿ ಘೋಷಿಸಿ, ಆಟಗಾರರನ್ನೂ ಸ್ಟ್ರೀಮರ್‌ಗಳನ್ನೂ ಕರೆಸಿ ಹಂತಹಂತವಾಗಿ ಆಡಿಸಿ, ತಿದ್ದಿ, 2024ರ ಅಕ್ಟೋಬರ್ 16ರಂದು ಬಿಡುಗಡೆ ಮಾಡಿತು. ಅಷ್ಟರಲ್ಲಿ ಮುಂಗಡ ನೋಂದಣಿ 1 ಕೋಟಿ ದಾಟಿತ್ತು. ಕೊನೆಯವರೆಗೆ ಬದುಕುಳಿದರೆ ಮಾತ್ರ ಗೆಲುವು ಎಂಬ ಬ್ಯಾಟಲ್ ರಾಯಲ್‌ನ ಹಳೆಯ ನಿಯಮಕ್ಕೆ, 'ಕಾಸ್ಮಿಯಂ' ಎಂಬ ವಸ್ತುವನ್ನು ವಶಪಡಿಸಿಕೊಂಡರೂ ಗೆಲುವು ಎಂಬ ಇನ್ನೊಂದು ದಾರಿ ಸೇರಿಸಿತು. ಅಡಗಿ ಕೂರುವವನನ್ನು ಬಯಲಿಗೆ ತರುವ ಇಂಥ ನಿಯಮಗಳು ಕಾಗದದ ಮೇಲೆ ಸರಿ ಎನಿಸುತ್ತವೆ. ನೂರಾರು ಸಲ ಜನರಿಂದ ಆಡಿಸಿದಾಗಲೇ ಅವುಗಳ ಓರೆಕೋರೆ ಕಾಣುವುದು. ಪ್ರದರ್ಶನ ಮತ್ತು ಪರೀಕ್ಷೆ ಒಂದಾದರೆ ಸ್ಟ್ರೀಮರ್ ಕೇವಲ ಪ್ರಚಾರಕನಾಗಿ ಉಳಿಯುವುದಿಲ್ಲ, ಗೇಮನ್ನು ತಿದ್ದುವ ಕೈಗಳಲ್ಲಿ ಒಂದಾಗುತ್ತಾನೆ.

ಹಣದ ಮಾತು ಬಚ್ಚಿಡಬಾರದು

ಸ್ಟ್ರೀಮರ್‌ಗಳಿಗೆ ಪ್ರದರ್ಶನಕ್ಕಾಗಿ ಹಣ ಸಲ್ಲುವುದು ತಪ್ಪಲ್ಲ, ಅದು ಅವರ ದುಡಿಮೆ. ಹೇಳದಿರುವುದು ತಪ್ಪು. ಜಾಹೀರಾತು ಮಾನದಂಡ ಮಂಡಳಿಯಾದ ಎಎಸ್‌ಸಿಐ 2021ರಲ್ಲೇ ಇನ್‌ಫ್ಲುಯೆನ್ಸರ್‌ಗಳಿಗೆ ಮಾರ್ಗಸೂಚಿ ಹೊರಡಿಸಿತು. 2023ರ ಜನವರಿಯಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ, ಹಣವಾಗಲಿ ಉಡುಗೊರೆಯಾಗಲಿ ಪಡೆದಿದ್ದರೆ ಅದನ್ನು ಸ್ಪಷ್ಟವಾಗಿ ಹೇಳಬೇಕು, ನೇರಪ್ರಸಾರವಾದರೆ ಉದ್ದಕ್ಕೂ ಕಾಣುವಂತೆ ತೋರಿಸಬೇಕು ಎಂದಿತು. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡವಿದೆ.

2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಇನ್ನೊಂದು ಗೆರೆ ಎಳೆಯಿತು. ಹಣ ಹೂಡಿ ಹಣ ಗೆಲ್ಲುವ ಗೇಮ್‌ಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸಿ, ಈಸ್ಪೋರ್ಟ್ಸ್‌ಗೆ ಕ್ರೀಡೆಯಾಗಿ ಮಾನ್ಯತೆ ಕೊಟ್ಟಿತು. ಜೂಜಿನ ಆ್ಯಪ್‌ಗಳ ಪ್ರಾಯೋಜಕತ್ವ ಹಲವು ಚಾನೆಲ್‌ಗಳ ಆದಾಯದ ದೊಡ್ಡ ಪಾಲಾಗಿತ್ತು. ಅದು ನಿಂತ ಮೇಲೆ ಕೈಚಳಕದ ಗೇಮ್‌ಗಳ ಪ್ರದರ್ಶನಕ್ಕೆ ಹೆಚ್ಚು ತೂಕ ಬಂದಿದೆ, ಜವಾಬ್ದಾರಿಯೂ ಹೆಚ್ಚಿದೆ. ನೋಡುವವರಲ್ಲಿ ಹದಿನೆಂಟು ತುಂಬದ ಮಕ್ಕಳೂ ಬಹಳ. ಬಿಜಿಎಂಐ ಅಂಥವರಿಗೆ ದಿನಕ್ಕೆ 3 ಗಂಟೆಯ ಮಿತಿ ಹಾಕಿದೆ. ಅದೇ ಗೇಮನ್ನು ರಾತ್ರಿಯಿಡೀ ಆಡಿ ತೋರಿಸುವ ಸ್ಟ್ರೀಮರ್ ಆ ಮಿತಿಯ ಬಗ್ಗೆ ಒಂದು ಮಾತು ಹೇಳಿದರೆ ಅಪ್ಪ ಅಮ್ಮನ ಹತ್ತು ಬೈಗುಳಕ್ಕಿಂತ ಹೆಚ್ಚು ನಾಟುತ್ತದೆ.

ಪ್ರಾಮಾಣಿಕ ಪ್ರದರ್ಶನ ಹೇಗಿರಬೇಕು?

ಮೊದಲನೆಯದು, ಪ್ರದರ್ಶನದ ಒಂದು ಸುತ್ತಾದರೂ 12,000 ರೂಪಾಯಿ ಬೆಲೆಯ ಫೋನಿನಲ್ಲಿ, ಮೊಬೈಲ್ ಡೇಟಾದಲ್ಲಿ ನಡೆಯಲಿ. ಎರಡನೆಯದು, ಪಿಂಗ್ ಮತ್ತು ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ ಪರದೆಯ ಮೂಲೆಯಲ್ಲಿ ಉದ್ದಕ್ಕೂ ಕಾಣಲಿ. ಮೂರನೆಯದು, ಸರ್ವರ್ ಯಾವ ಊರಿನಲ್ಲಿದೆ, ಲಾಬಿಯಲ್ಲಿ ಬಾಟ್‌ಗಳಿವೆಯೇ, ಮೋಸಗಾರರನ್ನು ಹಿಡಿಯುವ ವ್ಯವಸ್ಥೆ ಏನು ಎಂಬುದಕ್ಕೆ ಡೆವಲಪರ್ ಅದೇ ವೇದಿಕೆಯಲ್ಲಿ ಉತ್ತರ ಕೊಡಲಿ. ನಾಲ್ಕನೆಯದು, ದುಡ್ಡು ಕೊಟ್ಟು ಕೊಳ್ಳುವ ವಸ್ತು ಉಡುಪಿನ ಅಂದಕ್ಕಷ್ಟೇ ಸಂಬಂಧಿಸಿದ್ದೇ, ಹೊಡೆತದ ಬಲವನ್ನೂ ಹೆಚ್ಚಿಸುತ್ತದೆಯೇ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಲಿ. ಐದನೆಯದು, ಸ್ಟ್ರೀಮರ್‌ಗಳ ಜೊತೆ ಒಂದಿಬ್ಬರು ಸಾಮಾನ್ಯ ಆಟಗಾರರನ್ನೂ ಕಣಕ್ಕಿಳಿಸಲಿ. ಅವರು ಸೋತರೂ ಸರಿ, ಹೇಗೆ ಸೋತರು ಎಂಬುದರಲ್ಲಿ ಗೇಮಿನ ಗುಣ ಬಯಲಾಗುತ್ತದೆ.

ಇವಕ್ಕೆ ದೊಡ್ಡ ಖರ್ಚಿಲ್ಲ. ಈ ಕಸುಬನ್ನು ಕಲಿಸುವ ಜಾಗಗಳೂ ಹೆಚ್ಚುತ್ತಿವೆ. ಅನಿಮೇಷನ್, ವಿಷುವಲ್ ಎಫೆಕ್ಟ್ಸ್, ಗೇಮಿಂಗ್ ಕ್ಷೇತ್ರಕ್ಕೆಂದು ಪ್ರತ್ಯೇಕ ನೀತಿಯನ್ನು ಕರ್ನಾಟಕ 2012ರಲ್ಲೇ, ದೇಶದಲ್ಲಿ ಮೊದಲಿಗೆ, ತಂದಿತು. ಮುಂಬಯಿಯಲ್ಲಿ ಈಗ ಭಾರತೀಯ ಸೃಜನಶೀಲ ತಂತ್ರಜ್ಞಾನ ಸಂಸ್ಥೆ ಶುರುವಾಗಿದೆ. ಅಲ್ಲೆಲ್ಲ ಕಲಿಯುವ ಮಕ್ಕಳಿಗೆ ಪಾತ್ರಗಳ ಚಿತ್ರ ಬಿಡಿಸುವುದರಷ್ಟೇ ಮುತುವರ್ಜಿಯಿಂದ ಸರ್ವರ್ ಕೋಡ್ ಬರೆಯುವುದನ್ನು, ಜೋಡಿ ಕಟ್ಟುವ ಗಣಿತವನ್ನು ಕಲಿಸಬೇಕು. ಒಳ್ಳೆಯ ಚಿತ್ರ ಆಟಗಾರನನ್ನು ಒಂದು ಸಲ ಕರೆತರುತ್ತದೆ. ಅವನು ಮರುದಿನವೂ ಬರುವುದು ನಿನ್ನೆ ತನಗಾದ ಸೋಲು ನ್ಯಾಯವಾಗಿತ್ತು ಎನಿಸಿದಾಗ ಮಾತ್ರ. ಡೆವಲಪರ್ ಆ ನಂಬಿಕೆಯನ್ನು ಕೋಡ್‌ನಲ್ಲಿ ಕಟ್ಟುತ್ತಾನೆ, ಸ್ಟ್ರೀಮರ್ ಅದಕ್ಕೆ ತನ್ನ ಹೆಸರನ್ನು ಜಾಮೀನಾಗಿ ಇಡುತ್ತಾನೆ. ಜಾಮೀನು ನಿಲ್ಲುವ ಮುಂಚೆ ಲೆಕ್ಕವನ್ನು ತಾನೇ ನೋಡಿ ಖಾತರಿ ಮಾಡಿಕೊಳ್ಳುವುದು ಅವನ ಕರ್ತವ್ಯ, ಅದನ್ನು ಕೇಳುವುದು ನೋಡುಗರಾದ ನಮ್ಮ ಹಕ್ಕು.